ಗೇಟು ಇರೋದು ತೆಗೆಯೋದಕ್ಕೆ

ಕೊನೆಕೊಯ್ಲು ಮುಗೀತಾ ಬಂತು. ಅಡಿಕೆ ದುಡ್ಡು ಕೈಗೆ ಬರೋ ಹೊತ್ತಿಗೆ ನಮ್ಮ ಕಡೆ ಎರಡು ಕೆಲಸ ಶುರುವಾಗ್ತವೆ. ಒಂದು ಮದುವೆ-ಮುಂಜಿ, ಇನ್ನೊಂದು ಮನೆ ಮುಂದಿನ ಗೇಟು. ಈ ಸಲ ನಮ್ಮ ಮನೆಯಿಂದ ಟಾರು ರಸ್ತೆ ತನಕದ ಒಂದೂವರೆ ಕಿಲೋಮೀಟರಲ್ಲಿ ಮೂರು ಹೊಸ ಕಬ್ಬಿಣದ ಗೇಟು ಎದ್ದಿವೆ. ಮೇಲೆ ಬಾಣದ ತುದಿ, ಅದಕ್ಕೆ ಚಿನ್ನದ ಬಣ್ಣ, ನಡುವೆ ದೊಡ್ಡ ಬೀಗ. ಅದೇ ದಾರಿಯಲ್ಲಿ ನಾವು ಹೋದ ತಿಂಗಳು ಮರದ ಗೇಟು ಕೂರಿಸಿದ್ವಿ. ನೋಡಿದವರು ಒಬ್ಬರಾದ ಮೇಲೆ ಒಬ್ಬರು "ಇದೇನು ಮಾರಾಯ್ರೆ, ಈ ಕಾಲದಲ್ಲಿ ಮರದ್ದು?" ಅಂತ ಕೇಳ್ತಾ ಇದ್ದಾರೆ. ಎಲ್ಲರಿಗೂ ಬೇರೆ ಬೇರೆ ಹೇಳೋ ಬದಲು ಇಲ್ಲೇ ಒಮ್ಮೆ ಬರೆದುಬಿಡ್ತೇನೆ.

ನನ್ನ ಮಾತು ಇಷ್ಟೇ. ಗೇಟು ಇರೋದು ನೋಡೋದಕ್ಕಲ್ಲ, ಮುಚ್ಚೋದಕ್ಕೂ ಅಲ್ಲ. ದಿನಕ್ಕೆ ಇಪ್ಪತ್ತು-ಮೂವತ್ತು ಸಲ ತೆಗೆಯೋದಕ್ಕೆ. ದನ ಹೊಡ್ಕೊಂಡು ಬರೋ ಅಮ್ಮ, ಸೈಕಲ್ ಹಿಡಿದ ಮಗು, ಹುಲ್ಲಿನ ಹೊರೆ ಹೊತ್ತ ಆಳು, ಹಾಲಿನ ಕ್ಯಾನು ಹಿಡಿದು ಓಡೋ ನಾನು, ಇವರೆಲ್ಲ ಒಂದೇ ಕೈಯಲ್ಲಿ ತೆಗೆದು ಒಂದೇ ಕೈಯಲ್ಲಿ ಹಾಕೋ ಹಾಗಿರಬೇಕು. ಕೆಟ್ಟರೆ ನಮ್ಮೂರಲ್ಲೇ ರಿಪೇರಿ ಆಗಬೇಕು. ಈ ಎರಡು ಲೆಕ್ಕಕ್ಕೂ ಮಲೆನಾಡಿನ ಮನೆಗೆ ಮರದ ಗೇಟೇ ಸರಿ. ಆದರೆ ಮರದ್ದು ಅಂತ ಹೇಗೆಂದರೆ ಹಾಗೆ ಹೊಡೆದು ನಿಲ್ಲಿಸಿದರೆ ಎರಡೇ ಮಳೆಗಾಲಕ್ಕೆ ನೆಲ ಮುಟ್ಟುತ್ತೆ. ಅದರಲ್ಲಿ ಸ್ವಲ್ಪ ಲೆಕ್ಕ ಇದೆ, ಅದನ್ನೂ ಹೇಳ್ತೇನೆ.

ಮೊದಲು ದಣಪೆ ವಿಷಯ. ತೀರ್ಥಹಳ್ಳಿ ಕಡೆಯವರು ಉಣಗೋಲು ಅಂತಾರೆ, ನಾವು ದಣಪೆ ಅಂತೀವಿ. ಎರಡು ಕಂಬ, ಕಂಬಕ್ಕೆ ಮೂರೋ ನಾಲ್ಕೋ ತೂತು, ತೂತಿನಿಂದ ತೂತಿಗೆ ಬಿದಿರ ಗಳ. ಬೇಕಾದಾಗ ಗಳ ಸರಿಸಿ ದಾಟೋದು. ಇದನ್ನ ಬಡವರ ಗೇಟು ಅಂತ ತಿಳ್ಕೊಂಡವರಿದ್ದಾರೆ. ನಾನು ಹೇಳೋದು, ಇದರಷ್ಟು ಬುದ್ಧಿವಂತ ಬಾಗಿಲು ಇನ್ನೊಂದಿಲ್ಲ. ಗಳದ ಭಾರ ಎರಡೂ ಕಂಬಕ್ಕೆ ಅರ್ಧರ್ಧ ಹಂಚಿಹೋಗುತ್ತೆ, ಅದೂ ನೇರ ಕೆಳಕ್ಕೆ. ಕೀಲಿಲ್ಲ, ತುಕ್ಕಿಲ್ಲ, ಜೋತು ಬೀಳೋ ಮಾತಿಲ್ಲ. ಗಳ ಲಡ್ಡಾದರೆ ಮೆಳೆಯಿಂದ ಇನ್ನೊಂದು ಕಡಿದು ತೂರಿಸಿದರೆ ಆಯ್ತು. 2017ರಲ್ಲಿ ಕೇಂದ್ರದ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ ಬಿದಿರನ್ನ ಮರದ ಪಟ್ಟಿಯಿಂದ ತೆಗೆದಿದ್ದಾರೆ. ನಮ್ಮ ಹಿಡುವಳಿಯಲ್ಲಿ ಬೆಳೆದ ಬಿದಿರು ಈಗ ಆ ಕಾಯ್ದೆ ಲೆಕ್ಕದಲ್ಲಿ ಮರ ಅಲ್ಲ.

ಹಾಗಾಗಿ ಬೇಣಕ್ಕೆ, ತೋಟಕ್ಕೆ, ಗದ್ದೆ ಬದಿಗೆ ಇರೋ ದಣಪೆ ಕಿತ್ತು ಕಬ್ಬಿಣ ಹಾಕಬೇಡಿ. ದಿನಕ್ಕೆ ಎರಡು ಸಲ ದಾಟೋ ಜಾಗಕ್ಕೆ ಅದೇ ಸಾಕು. ಮನೆ ಮುಂದಿನ ಕತೆ ಬೇರೆ. ಅಲ್ಲಿ ಬೈಕು, ಪಿಕಪ್ಪು, ಗೊಬ್ಬರದ ಲಾರಿ ಎಲ್ಲ ಬರಬೇಕು. ಪ್ರತಿ ಸಲ ನಾಲ್ಕು ಗಳ ಸರಿಸೋ ತಾಳ್ಮೆ ಯಾರಿಗೂ ಇಲ್ಲ. ಗಳ ಸರಿಸಿದವರು ವಾಪಸ್ ಹಾಕಲ್ಲ, ದನ ತೋಟಕ್ಕೆ ನುಗ್ಗುತ್ತೆ. ಅಲ್ಲಿಗೆ ಕೀಲಿನ ಮೇಲೆ ತಿರುಗೋ ಗೇಟು ಬೇಕೇ ಬೇಕು.

ಕೀಲು ಬಂತು ಅಂದ್ರೆ ಲೆಕ್ಕ ಬಂತು. 10 ಅಡಿ ಅಗಲದ, 60 ಕೆಜಿ ತೂಕದ ಒಂಟಿ ಬಾಗಿಲು ಅಂದ್ಕೊಳ್ಳಿ. ಅದರ ಭಾರ ನಡುಮಧ್ಯದಲ್ಲಿ, ಅಂದ್ರೆ ಕಂಬದಿಂದ 5 ಅಡಿ ದೂರದಲ್ಲಿ ನೇತಾಡ್ತಿರುತ್ತೆ. ಎರಡು ಕೀಲಿನ ನಡುವೆ 3 ಅಡಿ ಅಂತರ ಇದ್ದರೆ ಮೇಲಿನ ಕೀಲು ಕಂಬವನ್ನ ಅಡ್ಡಕ್ಕೆ ಎಷ್ಟು ಎಳೆಯುತ್ತೆ? 60ನ್ನ 5ರಿಂದ ಗುಣಿಸಿ 3ರಿಂದ ಭಾಗಿಸಿ: 100 ಕೆಜಿ. ಹಗಲು ರಾತ್ರಿ ಒಂದೇ ಸಮ, ಮಳೆಗಾಲದಲ್ಲಿ ನೆಲ ಬೆಣ್ಣೆಯಾದಾಗಲೂ. ಅದೇ 150 ಕೆಜಿ ಕಬ್ಬಿಣದ ಬಾಗಿಲಾದರೆ 250 ಕೆಜಿ ಎಳೆತ. 30 ಕೆಜಿ ತೂಕದ ಹುಡುಗ ತುದಿಗೆ ಜೋತುಬಿದ್ದು ಉಯ್ಯಾಲೆ ಆಡಿದರೆ ಇನ್ನೂ 100 ಸೇರಿಸಿ. ಹುಡುಗರು ಆಡದೆ ಬಿಡ್ತಾರಾ?

ಇದಕ್ಕೇ ನಾನು ಹೇಳೋದು, ಕೆಡೋದು ಗೇಟಲ್ಲ, ಕಂಬ. ನಮ್ಮೂರ ಗೇಟುಗಳನ್ನ ಒಂದು ಸುತ್ತು ನೋಡ್ಕೊಂಡು ಬನ್ನಿ. ಚಿಲಕ ಕೂರ್ತಿಲ್ಲ ಅಂತ ದಾರ ಕಟ್ಟಿದ್ದು, ತುದಿಗೆ ಕಲ್ಲು ಕೊಟ್ಟದ್ದು, ಎತ್ತಿ ಎಳೆದು ನೆಲದಲ್ಲಿ ಕಮಾನಿನ ಗೀರು ಬಿದ್ದದ್ದು. ಬಾಗಿಲು ನೆಟ್ಟಗೇ ಇರುತ್ತೆ, ಕಂಬ ವಾಲಿರುತ್ತೆ. ಜಂಬಿಟ್ಟಿಗೆ ಕಂಬವಾದರಂತೂ ಕೀಲು ಕೂರಿಸಿದ ಕಲ್ಲೇ ಪುಡಿಯಾಗಿ ಕಳಚಿರುತ್ತೆ. ಜಂಬಿಟ್ಟಿಗೆ ಮೇಲಿನ ಭಾರ ಹೊರುತ್ತೆ, ಪಕ್ಕಕ್ಕೆ ಎಳೆದರೆ ತಡೆಯಲ್ಲ. ಅದೇ ಬೇಕು ಅಂದ್ರೆ ನಡುವೆ ಸರಳು ನಿಲ್ಲಿಸಿ ಕಾಂಕ್ರೀಟ್ ತುಂಬಿ ಕೀಲನ್ನ ಆ ಕಾಂಕ್ರೀಟಿಗೇ ಹಿಡಿಸಬೇಕು.

ಎಳೆತ ಕಡಿಮೆ ಮಾಡೋ ಸುಲಭದ ದಾರಿ, ಬಾಗಿಲನ್ನ ಎರಡು ಮಾಡೋದು. ನಾವು ಸಮಭಾಗ ಮಾಡಲಿಲ್ಲ. ಒಂದು ಮೂರೂವರೆ ಅಡಿ, ಇನ್ನೊಂದು ಆರೂವರೆ ಅಡಿ. ಅಡಿಕೆ ತೂಗೋ ತಕ್ಕಡಿಯಲ್ಲೇ ಇಟ್ಟು ತೂಗಿದ್ವಿ: ದೊಡ್ಡದು 42 ಕೆಜಿ, ಸಣ್ಣದು 28. ಲೆಕ್ಕ ಹಾಕಿದರೆ ದೊಡ್ಡದರ ಮೇಲಿನ ಕೀಲಿನ ಎಳೆತ 46 ಕೆಜಿ ಹತ್ತಿರ, ಸಣ್ಣದರದ್ದು 16. ನೂರಕ್ಕೆ ಹೋಲಿಸಿ ನೋಡಿ. ದಿನದ ಓಡಾಟ ಎಲ್ಲ ಸಣ್ಣ ಬಾಗಿಲಲ್ಲಿ. ಜನ, ದನ, ಬೈಕು, ಕೈಗಾಡಿ ಅದರಲ್ಲೇ ಹೋಗ್ತವೆ. ದೊಡ್ಡದು ಗಾಡಿ ಬಂದಾಗ ಮಾತ್ರ. ಎರಡೂ ತೆಗೆದರೆ 10 ಅಡಿ, ಲಾರಿ ನೆಟ್ಟಗೆ ಬರೋ ಜಾಗಕ್ಕೆ ಸಾಕು. ಗೇಟಿನ ಎದುರಲ್ಲೇ ತಿರುವು ಇದ್ದರೆ 12 ಇಡಿ. ದೊಡ್ಡ ಬಾಗಿಲಿಗೆ ನೆಲಕ್ಕಿಳಿಯೋ ಚಿಲಕ ಒಂದು ಬೇಕು, ಅದರ ತೂತು ಕಲ್ಲಿನಲ್ಲಿರಲಿ.

ಕಂಬ ಕಲ್ಲಿನದ್ದು. ಏಳೂವರೆ ಅಡಿ ಉದ್ದ, ಅದರಲ್ಲಿ ಮುಕ್ಕಾಲು ಅಡಿ ಕಡಿಮೆ ಮೂರು ಅಡಿ ಅಂತ ಗೀಟು ಹಾಕಿಕೊಂಡು ಅಷ್ಟನ್ನೂ ಹೂಳಿದ್ದು. ಗುಂಡಿಗೆ ಸುಮ್ಮನೆ ಮಣ್ಣು ತುಂಬಬೇಡಿ. ಕಂಬದ ತಲೆಯನ್ನ ಬಾಗಿಲು ತನ್ನ ಕಡೆ ಎಳೆಯುತ್ತೆ. ಆಗ ನೆಲದ ಮಟ್ಟದಲ್ಲಿ ಕಂಬ ಬಾಗಿಲಿನ ಕಡೆ ಮಣ್ಣನ್ನ ಒತ್ತುತ್ತೆ, ಬುಡದಲ್ಲಿ ಅದರ ಎದುರು ಬದಿಗೆ ಒದೆಯುತ್ತೆ. ಹಾಗಾಗಿ ಮೇಲೆ ಬಾಗಿಲ ಬದಿಗೆ ಒಂದು ದೊಡ್ಡ ಕಲ್ಲು, ಕೆಳಗೆ ಹಿಂಬದಿಗೆ ಒಂದು ದೊಡ್ಡ ಕಲ್ಲು ಕೊಟ್ಟು, ಉಳಿದ ಜಾಗಕ್ಕೆ ಜಲ್ಲಿ ಮತ್ತು ಕೆಮ್ಮಣ್ಣು ಅರ್ಧರ್ಧ ಅಡಿ ಹಾಕಿ ಹಾರೆಯಿಂದ ಕುಟ್ಟಿ ಕುಟ್ಟಿ ತುಂಬಿ. ಎರಡು ಕಂಬದ ನಡುವೆ ನೆಲದಲ್ಲಿ ಹೊಸ್ತಿಲು ಕಲ್ಲು ಹೂತು ಬಿಗಿ ಮಾಡಿದರೆ ಎರಡೂ ಒಂದನ್ನೊಂದು ತಡೆದು ನಿಲ್ತವೆ. ಗಾಡಿ ಹೋಗೋ ಜಾಗ, ಹಾಗಾಗಿ ಕಲ್ಲು ನೆಲಕ್ಕೆ ಸಮ ಇರಲಿ.

ಮರದ ಕಂಬವೇ ಬೇಕು ಅಂದವರಿಗೆ ಒಂದು ಮಾತು. ಕಾಂಕ್ರೀಟಲ್ಲಿ ಹೂಳಬೇಡಿ. ಒಣಗಿದಾಗ ಮರ ಕುಗ್ಗುತ್ತೆ, ಸುತ್ತ ಸಂದು ಬೀಳುತ್ತೆ, ಮಳೆನೀರು ಆ ಬಟ್ಟಲಲ್ಲಿ ನಿಲ್ಲುತ್ತೆ. ಕೊಳೆಯೋದು ಮಣ್ಣಿನಾಳದಲ್ಲಲ್ಲ, ನೆಲದ ಮಟ್ಟದಲ್ಲಿ, ಗಾಳಿಯೂ ನೀರೂ ಎರಡೂ ಸಿಗೋ ಕಡೆ. ಚೇಗು ಬಂದ ಮರವನ್ನೇ ಹೂಳಿ, ಅಡಿಗೆ ಜಲ್ಲಿ ಹಾಕಿ, ನೀರು ಇಳಿದು ಹೋಗಲಿ. ಹೊರಗಿನ ಬಿಳಿ ಭಾಗ ಎಷ್ಟು ದಪ್ಪ ಇದ್ದರೂ ಅದು ಗೆದ್ದಲಿನ ಊಟ.

ಈಗ ಬಾಗಿಲು. ನಾಲ್ಕು ಮೂಲೆಯ ಚೌಕಟ್ಟು ಎಷ್ಟೇ ಗಟ್ಟಿ ಇದ್ದರೂ ಒತ್ತಿದರೆ ಓರೆಯಾಗುತ್ತೆ. ಮೂರು ಮೂಲೆಯದ್ದು ಆಗಲ್ಲ. ಮನೆ ಮಾಡಿನ ಕತ್ತರಿ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಗೇಟಿಗೆ ಓರೆಪಟ್ಟಿ ಕೊಡೋದು. ಅದು ಯಾವ ಮೂಲೆಯಿಂದ ಯಾವ ಮೂಲೆಗೆ ಅನ್ನೋದರಲ್ಲೇ ಎಲ್ಲ ಇದೆ. ಮರದ ಓರೆಪಟ್ಟಿ ಕೆಳಗಿನ ಕೀಲಿನ ಮೂಲೆಯಿಂದ ಶುರುವಾಗಿ ಚಿಲಕದ ಬದಿಯ ಮೇಲಿನ ಮೂಲೆಗೆ ಹೋಗಬೇಕು. ಆಗ ತುದಿಯ ಭಾರ ಪಟ್ಟಿಯನ್ನ ಒತ್ತಿ ಕೆಳಗಿನ ಕೀಲಿಗೆ ಇಳಿಸುತ್ತೆ. ಒತ್ತೋ ಭಾರವನ್ನ ಮರ ಚೆನ್ನಾಗಿ ತಡೆಯುತ್ತೆ. ಉಲ್ಟಾ ಕೊಟ್ಟರೆ ಪಟ್ಟಿಯನ್ನ ಎಳೆಯೋ ಹಾಗಾಗಿ ಎಲ್ಲ ಭಾರ ಎರಡು ಮೊಳೆ ಮೇಲೆ ಬೀಳುತ್ತೆ, ಮೊಳೆ ಸಡಿಲಾಗುತ್ತೆ, ಗೇಟು ಜೋಲುತ್ತೆ. ತಂತಿಯೋ ಸರಳೋ ಹಾಕೋದಾದರೆ ಮಾತ್ರ ಉಲ್ಟಾ: ಮೇಲಿನ ಕೀಲಿಂದ ಕೆಳಗಿನ ತುದಿಗೆ. ಎಳೆಯೋ ಭಾರ ತಡೆಯೋದು ಕಬ್ಬಿಣದ ಗುಣ. ನಾಳೆ ಬೆಳಿಗ್ಗೆ ನಿಮ್ಮ ಕೊಟ್ಟಿಗೆ ಬಾಗಿಲ ಪಟ್ಟಿ ಯಾವ ಕಡೆ ಇದೆ ಅಂತ ಒಮ್ಮೆ ನೋಡಿ.

ಮರ ಯಾವುದು? ನಮ್ಮದು ಹಳೇ ಕೊಟ್ಟಿಗೆ ಬಿಚ್ಚಿದಾಗ ಸಿಕ್ಕ ಮತ್ತಿ ತೊಲೆ. ಹಳೇ ಮನೆ ಬಿಚ್ಚಿದಾಗ ತೊಲೆ, ಜಂತಿ ಎಲ್ಲ ಸಗಟಾಗಿ ವ್ಯಾಪಾರಿಗೆ ಕೊಡ್ತೀವಲ್ಲ, ಅದರಲ್ಲಿ ನಾಲ್ಕು ತುಂಡು ಇಟ್ಟುಕೊಂಡರೆ ಒಂದು ಗೇಟಾಗುತ್ತೆ. ವರ್ಷಾನುಗಟ್ಟಲೆ ಒಣಗಿದ ಮರ, ಇನ್ನು ಸೊಟ್ಟಗಾಗಲ್ಲ. ಮಿಲ್ಲಿಗೆ ಒಯ್ಯೋ ಮುಂಚೆ ಹಳೇ ಮೊಳೆ ಎಲ್ಲ ಕಿತ್ತಿರಬೇಕು ಅಷ್ಟೆ. ಹಲಸಿನ ಚೇಗು, ಹೆಬ್ಬಲಸು, ಹೊನ್ನೆ, ಸಾಗುವಾನಿ ಎಲ್ಲವೂ ಆಗುತ್ತೆ. ಅಕೇಶಿಯಾ ಕೂಡ ಚೇಗು ಭಾಗ ಆದರೆ ಪರವಾಗಿಲ್ಲ, ಆದರೆ ಹಸಿ ಇದ್ದಾಗ ಕೊಯ್ದು ಹೊಡೆದರೆ ಸೀಳುತ್ತೆ. ನೆರಳಲ್ಲಿ ಅಟ್ಟಿ ಕಟ್ಟಿ ಒಣಗಿಸಿ, ಮೊಳೆ ಜಾಗಕ್ಕೆ ಮೊದಲು ತೂತು ಕೊರೀರಿ. ಮಾವು, ಸಿಲ್ವರ್ ಓಕ್ ನಮ್ಮ ಮಳೆಗೆ ಬೇಡ. ನಿಂತ ಮರ ಕಡಿಯೋದಾದರೆ ಸ್ವಂತ ಜಾಗದ್ದೇ ಆದರೂ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಕೆಲವು ಜಾತಿಗೆ ವಿನಾಯಿತಿ, ಉಳಿದದ್ದಕ್ಕೆ ಅನುಮತಿ ಬೇಕು. ಕೊಡಲಿ ಎತ್ತೋ ಮುಂಚೆ ಅರಣ್ಯ ಇಲಾಖೆಯಲ್ಲಿ ಕೇಳಿಕೊಂಡು ಬನ್ನಿ.

ಪೂರ್ತಿ ಗೇಟು ಒಳ್ಳೇ ಮರದ್ದೇ ಆಗಬೇಕು ಅಂತಿಲ್ಲ. ನಮ್ಮದರಲ್ಲಿ ಚೌಕಟ್ಟು ಮತ್ತು ಓರೆಪಟ್ಟಿ ಮಾತ್ರ ಮತ್ತಿ. ನಡುವಿನ ಅಡ್ಡಪಟ್ಟಿ ನಾಲ್ಕೂ ಅಡಿಕೆ ದಬ್ಬೆ. ಬಿದ್ದ ಹಳೇ ಅಡಿಕೆ ಮರ ಸೀಳಿ, ಒಳಗಿನ ಮೆತ್ತನೆಯದ್ದು ಕೆತ್ತಿ ತೆಗೆದು, ಹೊರಗಿನ ಗಟ್ಟಿಯದ್ದು ಇಟ್ಟುಕೊಂಡದ್ದು. ದಬ್ಬೆ ಕೆಲವು ಮಳೆಗಾಲ ಕಳೆದ ಮೇಲೆ ಹೋಗುತ್ತೆ, ಹೋಗಲಿ. ಎರಡು ಬೋಲ್ಟ್ ಬಿಚ್ಚಿ ಇನ್ನೊಂದು ಹಾಕೋದಕ್ಕೆ ಹತ್ತು ನಿಮಿಷ. ತೋಟದಲ್ಲಿ ದಬ್ಬೆಗೆ ಬರ ಇದೆಯಾ?

ಪಟ್ಟಿಗಳ ಸಂದು ಎಲ್ಲ ಒಂದೇ ಸಮ ಇಡಬೇಡಿ. ಬಾಗಿಲ ಎತ್ತರ 40 ಇಂಚು. ಕೆಳಗಿನ ಎರಡು ಸಂದು 3 ಇಂಚು, ಆಮೇಲೆ 4, 5, ಎಲ್ಲಕ್ಕಿಂತ ಮೇಲೆ 7. ಕಾಡುಹಂದಿ ಮೂತಿ ಹಾಕೋದು ಕೆಳಗೆ, ನಾಯಿ ನುಸುಳೋದೂ ಕೆಳಗೆ. ಮೇಲೆ ಮರ ಸುರಿದು ಭಾರ ಹೆಚ್ಚಿಸಿ ಏನು ಪ್ರಯೋಜನ? ಹಂದಿ ಕೆಳಗಿಂದ ಎತ್ತಿ ಬಾಗಿಲನ್ನ ಕೀಲಿಂದಲೇ ಕಳಚೋದೂ ಉಂಟು. ಅದಕ್ಕೆ ಕೆಳಗಿನ ಕೀಲಿನ ಮೊಳೆ ಮೇಲ್ಮುಖ, ಮೇಲಿನದ್ದು ಕೆಳಮುಖ ಕೂರಿಸಿ. ಎತ್ತಿದರೂ ಬರಲ್ಲ. ನೆಲದಿಂದ ಬಾಗಿಲಿಗೆ 4 ಇಂಚು ಬಿಟ್ಟಿದ್ದೇವೆ, ಆಷಾಢದಲ್ಲಿ ಕೊಚ್ಚಿ ಬರೋ ಮಣ್ಣು, ತರಗೆಲೆ ನಿಲ್ಲದ ಹಾಗೆ. ಎರಡು ಬಾಗಿಲ ನಡುವೆ ಅರ್ಧ ಇಂಚು ಬಿಡಿ, ಮಳೆಗಾಲದಲ್ಲಿ ಮರ ಉಬ್ಬುತ್ತೆ. ಮಂಗನಿಗೂ ಆನೆಗೂ ಯಾವ ಗೇಟೂ ಲೆಕ್ಕವಿಲ್ಲ, ಅದನ್ನ ಇಲ್ಲಿ ತರೋದು ಬೇಡ.

ನೀರು ಮರಕ್ಕೆ ಇಳಿಯೋದು ಮೈಯಿಂದ ಅಲ್ಲ, ಕೊಯ್ದ ತುದಿಯಿಂದ. ನಿಂತ ಪಟ್ಟಿಗಳ ತಲೆ ಓರೆಯಾಗಿ ಕೊಯ್ದು ಸತುವಿನ ತಗಡಿನ ಟೋಪಿ ಹಾಕಿ. ಅಡ್ಡಪಟ್ಟಿಯ ಮೇಲಂಚು ಸ್ವಲ್ಪ ಇಳಿಜಾರಿರಲಿ. ಬಳಿಯೋದಕ್ಕೆ ಕರಾವಳಿಯವರು ದೋಣಿಗೆ ಹಾಕೋ ಗೇರೆಣ್ಣೆ ಒಳ್ಳೇದು. ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಮೈಗೆ ತಾಗಿದರೆ ಸುಟ್ಟ ಹಾಗೆ ಬೊಕ್ಕೆ ಏಳುತ್ತೆ. ಅದು ಬೇಡ ಅಂದ್ರೆ ಅಗಸೆ ಎಣ್ಣೆ, ವರ್ಷಕ್ಕೊಮ್ಮೆ. ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಬಳಿಯೋದು ನಮ್ಮ ಕಡೆ ರೂಢಿ. ಅದನ್ನ ಬಿಡಬೇಕು ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಮೊದಲ ಮಳೆಗೇ ತೊಳೆದು ಅದು ಹೋಗೋದು ನಮ್ಮದೇ ಬಾವಿ ಕಡೆಗೆ.

ಇಷ್ಟೆಲ್ಲ ಕೆಲಸಕ್ಕೆ ನಮ್ಮೂರ ಆಚಾರಿಗೆ ಹಿಡಿದದ್ದು ನಾಲ್ಕು ದಿನ. ಕಂಡಿ ಕೊರೆದು ನಾಲಿಗೆ ಕೂರಿಸಿ ಬಿದಿರ ಗೂಟ ಹೊಡೆದ ಮೂಲೆಗಳು. ಅವರ ಮಗ ಬೆಂಗಳೂರಲ್ಲಿ ಪ್ಲೈವುಡ್ ಕಪಾಟು ಮಾಡ್ತಾನೆ. "ಇಲ್ಲಿ ವರ್ಷಕ್ಕೆ ಎರಡು ಬಾಗಿಲು ಕೆಲಸ ಇದ್ದರೆ ಅವ ಯಾಕೆ ಇಲ್ಲಿರ್ತಾನೆ?" ಅಂದ್ರು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾವೇ ಕೆಲಸ ಕೊಡದೆ, ಆಮೇಲೆ ಮಾಡಿನ ಪಕಾಸಿ ಬದಲಿಸೋದಕ್ಕೆ ಜನ ಸಿಗಲ್ಲ ಅಂತ ಗೊಣಗೋದು ಯಾವ ನ್ಯಾಯ?

ಈಗ ಬೀಗದ ಮಾತು. ಬರೆಯೋದು ಸ್ವಲ್ಪ ಕಷ್ಟ, ಆದರೂ ಬರೀಬೇಕು.

ನಮ್ಮ ಕಡೆ ಒಂದು ಮನೆ ಅಂಗಳದ ಪಕ್ಕದಲ್ಲೇ ಇನ್ನೊಂದು ಮನೆಯ ದಾರಿ. ತಲೆತಲಾಂತರದಿಂದ ಹಾಗೇ. ದಣಪೆ ಇದ್ದಾಗ ಯಾರೂ ಯಾರನ್ನೂ ಕೇಳ್ತಿರಲಿಲ್ಲ, ಗಳ ಸರಿಸಿ ದಾಟಿ ಮತ್ತೆ ಹಾಕಿ ಹೋಗ್ತಿದ್ರು. ಹೋದ ಮಳೆಗಾಲ ಕೊನೆಮನೆಯ ಅಜ್ಜಿಗೆ ರಾತ್ರಿ ಉಸಿರು ಕಟ್ಟಿತು. ಗಾಡಿ ಬರೋ ದಾರಿಗೆ ಹೊಸ ಗೇಟು, ಗೇಟಿಗೆ ಬೀಗ, ಬೀಗದ ಕೈ ಶಿವಮೊಗ್ಗದಲ್ಲಿ. ಅಜ್ಜಿಯನ್ನ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಧರೆ ಇಳಿಸಿ ತೋಟದ ಕೆಸರಲ್ಲಿ ಹೊತ್ಕೊಂಡು ಹೋದ್ವಿ. ಅಜ್ಜಿ ಈಗ ಹುಷಾರಿದ್ದಾರೆ. ಆದರೆ ಆ ಎರಡು ಮನೆ ನಡುವೆ ಮಾತಿಲ್ಲ. ಬೀಗ ಹಾಕಿದವರು ಕೆಟ್ಟವರಲ್ಲ. ಗೇಟು ದೊಡ್ಡದು, ಒಂಟಿ ಬಾಗಿಲು, ದನ ನುಗ್ಗುತ್ತೆ ಅಂತ ಮುಚ್ಚಿದ್ರು, ಕಳ್ಳರ ಭಯಕ್ಕೆ ಬೀಗ ಹಾಕಿದ್ರು. ಅಂಥಾ ಗೇಟಿಗೆ ಇರೋದು ಎರಡೇ ಸ್ಥಿತಿ: ಪೂರ್ತಿ ತೆಗೆದದ್ದು ಅಥವಾ ಪೂರ್ತಿ ಮುಚ್ಚಿದ್ದು.

ಕಾನೂನು ಏನು ಹೇಳುತ್ತೆ ಅಂತ ಕೇಳಿದ್ರೆ, 20 ವರ್ಷ ಅಡೆತಡೆ ಇಲ್ಲದೆ ಹಕ್ಕಿನಂತೆ ಬಳಸಿದ ದಾರಿಗೆ 1882ರ ಕಾಯ್ದೆಯಲ್ಲೇ ರಕ್ಷಣೆ ಇದೆ. ನಕಾಶೆ ಕಂಡ ದಾರಿಯಾದರೆ ಮಾತೇ ಬೇರೆ. ಆದರೆ ಕೋರ್ಟಿಗೆ ಹೋದವರ ತೋಟ ಉದ್ಧಾರ ಆದದ್ದನ್ನ ನಾನು ಕಂಡಿಲ್ಲ. ದಾರಿ ಉಳಿಸೋದು ಕಾಗದವಲ್ಲ, ಮೂರೂವರೆ ಅಡಿಯ ಆ ಸಣ್ಣ ಬಾಗಿಲು. ದೊಡ್ಡದಕ್ಕೆ ಬೇಕಾದರೆ ಬೀಗ ಹಾಕಿ, ಅದರ ಒಂದು ಕೈ ಪಕ್ಕದ ಮನೆಯಲ್ಲಿರಲಿ. ಸಣ್ಣದಕ್ಕೆ ಚಿಲಕ ಮಾತ್ರ. ಎರಡೂ ಕಡೆಯಿಂದ ಕೈಗೆಟುಕೋ, ದನಕ್ಕೆ ತೆಗೆಯೋದಕ್ಕೆ ಬಾರದ ಮರದ ಅಗುಳಿ. ಕುರ್ಚಿ ಹೊತ್ತವರೂ ಸ್ಟ್ರೆಚರ್ ಹಿಡಿದವರೂ ಅದರಲ್ಲಿ ಆರಾಮಾಗಿ ದಾಟ್ತಾರೆ.

"ಕಳ್ಳತನ ಆದರೆ?" ಅಂತ ಕೇಳೋರು ಇದ್ದಾರೆ. ಅಡಿಕೆಗೆ ರೇಟು ಇರೋ ಕಾಲ, ಭಯ ಸುಳ್ಳಲ್ಲ. ಆದರೆ ಹಸಿ ಅಡಿಕೆ ಕದಿಯೋನು ಗೇಟಲ್ಲಿ ಬರಲ್ಲ, ಬೇಣದ ಕಡೆಯಿಂದ ಅಗಳ ಹಾರಿ ಬರ್ತಾನೆ. ಒಣ ಅಡಿಕೆಗೆ ಬೀಗ ಬೇಕಾದ್ದು ಉಗ್ರಾಣಕ್ಕೆ. ಹೆದ್ದಾರಿ ಪಕ್ಕದ ಮನೆ, ವರ್ಷದಲ್ಲಿ ಆರು ತಿಂಗಳು ಖಾಲಿ ಇರೋ ಮನೆ ಅಂದ್ರೆ ಕಬ್ಬಿಣವೇ ಹಾಕಿ, ನಾನು ಬೇಡ ಅನ್ನಲ್ಲ. ಅಲ್ಲೂ ಎರಡು ಬಾಗಿಲು ಮಾಡಿ, ಕಂಬಕ್ಕೆ ಖರ್ಚು ಮಾಡಿ, ಬಾಣದ ತುದಿಗೆ ಬೇಡ.

ಶಿವರಾತ್ರಿಯಿಂದ ಯುಗಾದಿ ತನಕ ಈ ಕೆಲಸಕ್ಕೆ ಹೇಳಿಸಿದ ಕಾಲ. ಮರ ಒಣಗಿರುತ್ತೆ, ನೆಲ ಗಟ್ಟಿ ಇರುತ್ತೆ, ಮಳೆಗೆ ಮುಂಚೆ ಕುಟ್ಟಿದ ಮಣ್ಣು ಕೂರುತ್ತೆ. ಆಚಾರಿಯವರ ಹತ್ತಿರ ಮಾತಾಡಿದ್ದೇನೆ. ಮೂರು ಮನೆಯವರು ಒಟ್ಟಿಗೆ ಹೇಳಿದರೆ ಮಗನನ್ನೂ ಒಂದು ತಿಂಗಳಿಗೆ ಕರೆಸ್ತಾರಂತೆ. ಅಳತೆ ಎಲ್ಲ ಬರೆದ ಹಲಗೆ ನಮ್ಮ ಕೊಟ್ಟಿಗೆ ಗೋಡೆಗೆ ಒರಗಿಸಿ ಇಟ್ಟಿದೆ. ಬೇಕಾದವರು ಬಂದು ನೋಡಿ. ನಾನು ತೋಟದಲ್ಲಿದ್ದರೂ ಪರವಾಗಿಲ್ಲ, ಸಣ್ಣ ಬಾಗಿಲಿಗೆ ಅಗುಳಿ ಮಾತ್ರ ಹಾಕಿರುತ್ತೆ. ಬರೋವಾಗ ತೆಗೀರಿ, ಹೋಗೋವಾಗ ಹಾಕಿ ಹೋಗಿ, ಕರು ಬಿಟ್ಟಿರ್ತೀವಿ.